ಲಸಿಕೆ ಹಿಡಿಯದ ತೋಳು

ನಿನ್ನ ಕೈ ಮುರಿಸಿದವನು ನಾನು, ಕೆಂಪಮ್ಮ. ಹೊಡೆದವನು ನಿನ್ನ ಗಂಡ ಮುನಿಯಪ್ಪ—ಆದರೆ ಹೊಡೆಸಿದ್ದು ನನ್ನ ಎಲುಬಿಲ್ಲದ ನಾಲಿಗೆ.

ಜಯನಗರದಲ್ಲಿ ಮನೆಗಳು ಇನ್ನೂ ಏಳುತ್ತಿದ್ದ ಕಾಲ. ಸಿಡುಬಿನ ಲಸಿಕೆ ಹಾಕಲು ಸೈಕಲ್ ತುಳಿದುಕೊಂಡು ಪುಟ್ಟೇನಹಳ್ಳಿಗೆ ಬರುತ್ತಿದ್ದೆ. ಊರ ಮಕ್ಕಳಿಗೆಲ್ಲ ಲಸಿಕೆ ಹಿಡಿದ ಗುರುತಾಗಿ ತೋಳಿನಲ್ಲಿ ಗುಳ್ಳೆ ಎದ್ದಿತು. ನಿನ್ನ ಎರಡು ವರ್ಷದ ಮಗನಿಗೆ ಏಳಲಿಲ್ಲ. ಮತ್ತೊಮ್ಮೆ ಹಾಕಿದೆ—ಆಗಲೂ ಇಲ್ಲ. ನಾನು ಬೆನ್ನು ತಿರುಗಿಸುತ್ತಲೇ ಸಗಣಿ ಹಚ್ಚಿ ಮದ್ದು ಒರೆಸುವ ತಾಯಂದಿರನ್ನು ಬೇಕಾದಷ್ಟು ಕಂಡಿದ್ದೆ. ನೀನೂ ಅವರಂಥವಳೇ ಎಂದು ಬೀದಿಯಲ್ಲಿ ಕೂಗಾಡಿದೆ. ಮುನಿಯಪ್ಪ ನಿನ್ನ ತುರುಬು ಹಿಡಿದು ಜಗುಲಿಯಿಂದ ಕೆಳಕ್ಕೆಳೆದ. ನಿನ್ನ ಬಾಯಿ ತುಂಬ ರಕ್ತ.

"ನಾನ್ ಒರೆಸಿಲ್ಲ ಸ್ವಾಮಿ. ಮಗೀಗೆ ಹೊಟ್ಟೆ ತುಂಬ ಹುಳ ಐತೆ. ಅದ್ಕೇ ಏನೂ ಮೈಗೆ ಹಿಡೀತಿಲ್ಲ."

ನಾನು ನಕ್ಕೆ. ಹೊಟ್ಟೆಯ ಹುಳಕ್ಕೂ ತೋಳಿನ ಲಸಿಕೆಗೂ ಎಲ್ಲಿಂದೆಲ್ಲಿಯ ನಂಟು ಎಂದೆ—ಥೂ, ನನ್ನ ಜಾಣತನಕ್ಕಿಷ್ಟು!

ಮೂರನೆಯ ಸಲ ಮಗುವನ್ನು ನಾನೇ ತೊಡೆಯ ಮೇಲೆ ಕೂರಿಸಿಕೊಂಡು, ಮದ್ದು ಪೂರ್ತಿ ಒಣಗುವ ತನಕ ಕದಲಲಿಲ್ಲ. ಒಣಗಿದ ಮೇಲೆ ಒರೆಸಿದರೂ ಏನೂ ಆಗದು. ಅಲ್ಲೇ ಮಗು ಕೆಮ್ಮಿ, ಗೇಣುದ್ದದ ಬಿಳಿ ಹುಳವೊಂದನ್ನು ನನ್ನ ಪಂಚೆಯ ಮೇಲೆ ಕಕ್ಕಿತು. ವಾರ ಬಿಟ್ಟು ಬಂದು ನೋಡಿದರೆ—ತೋಳು ನುಣ್ಣಗಿತ್ತು. ಅದೇ ದಿನ ಹಾಕಿದ ಅದೇ ಮದ್ದು ಪಕ್ಕದ ಮನೆಯ ಹಸುಗೂಸಿಗೆ ಹಿಡಿದಿತ್ತು. ನಿನ್ನದೇನೂ ತಪ್ಪಿಲ್ಲವೆಂದು ಆ ಗಳಿಗೆಯಲ್ಲೇ ನನಗೆ ಗೊತ್ತಾಯಿತು.

ಮುನಿಯಪ್ಪ ಒನಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಈಗ್ಲಾದ್ರೂ ಹೇಳಿ ಸಾರ್, ಒರೆಸವ್ಳಾ?"

ಊರೆಲ್ಲ ನೋಡುತ್ತಿತ್ತು. ತಪ್ಪು ನನ್ನದೆಂದು ಅಷ್ಟು ಜನರ ಮುಂದೆ—

"ಹೂಂ" ಅಂದೆ.

ಮೂಳೆ ಮುರಿದದ್ದು ನನಗೆ ಕೇಳಿಸಿತು. ಬಿದ್ದವಳಿಗೆ ಇನ್ನೂ ಎರಡೇಟು ಹಾಕಿದ. ನಾನು ಸೈಕಲ್ ಹತ್ತಿದೆ.

ಮೊನ್ನೆ ಮೊಮ್ಮಗನಿಗೆ ಹುಳದ ಔಷಧಿ ಕೊಡಿಸಲು ಹೋದಾಗ ಮಕ್ಕಳ ಡಾಕ್ಟರು ಹೇಳಿದರು: ಕರುಳಿನಲ್ಲಿ ಹುಳ ತುಂಬಿದರೆ ಎಳೆಯ ಮೈಯ ಕಾದಾಡುವ ಶಕ್ತಿಯೇ ದಾರಿ ತಪ್ಪುತ್ತದಂತೆ, ಅಂಥ ಕೆಲವು ಮಕ್ಕಳಿಗೆ ಲಸಿಕೆ ಸರಿಯಾಗಿ ಹಿಡಿಯದಿರಬಹುದಂತೆ. ಇರಬಹುದು. ಆದರೆ ನೀನು ನಿರಪರಾಧಿ ಎಂದು ತಿಳಿಯಲು ನನಗೆ ಡಾಕ್ಟರು ಬೇಕಿರಲಿಲ್ಲ.

ನೀನು ಸೊಟ್ಟ ಕೈಯಲ್ಲೇ ಈಗಲೂ ಮುದ್ದೆ ತೊಳಸುತ್ತೀಯಂತೆ. ನಿನ್ನ ಮಗ ಇವತ್ತಿಗೂ, ತಾಯಿ ತನಗೆ ಕೇಡು ಬಗೆದಳೆಂದೇ ನಂಬಿದ್ದಾನಂತೆ. ನಾಳೆ ಬೆಳಿಗ್ಗೆ ಬರುತ್ತೇನೆ, ಕೆಂಪಮ್ಮ. ಅವನನ್ನು ಕೂರಿಸಿ ಎಲ್ಲವನ್ನೂ ಹೇಳುತ್ತೇನೆ. ಅವನು ನನ್ನ ಮೇಲೆ ಕೈಯೆತ್ತಿದರೆ ನೀನು ತಡೆಯಬೇಡ.