‘ಕಟ್ಟೇಯ್’ ಎಂದ ಆ ಮಾತು

ದಾವಣಗೆರೆಯ ಅನಸೂಯಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದಾಗ ಅವಳಿಗೆ ಗೊತ್ತಿದ್ದ ತೆಲುಗು ತರಕಾರಿ ಕೊಳ್ಳಲಿಕ್ಕಷ್ಟೇ ಸಾಲುತ್ತಿತ್ತು. ಬಂದರಿನ ಹತ್ತಿರ ದಕ್ಷಿಣಾಮೂರ್ತಿಯವರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅವರ ಮನೆಮಾತು ಕನ್ನಡ, ಅಂಗಡಿಯ ಮಾತು ತೆಲುಗು.

ಸೇರಿದ ನಾಲ್ಕನೆಯ ದಿನ, ಎದುರಿನ ಶಿಪ್ಪಿಂಗ್ ಆಫೀಸಿನ ಹಳೇ ಕಂಪ್ಯೂಟರ್ ಮೇಜಿನ ಮೇಲಿತ್ತು. ಕರೆಂಟ್ ಕೊಟ್ಟೊಡನೆ ಅದು ಬುಸುಗುಟ್ಟಿತು. ದಕ್ಷಿಣಾಮೂರ್ತಿ ಬಾಗಿಲ ಬಳಿಯಿಂದ, “ಅಮ್ಮಾಯೀ, ಕಟ್ಟೇಯ್! ಕಟ್ಟೇಯ್!” ಎಂದು ಕೂಗಿದರು. ತೆಲುಗಿನಲ್ಲಿ ಆರಿಸು ಎಂದು ಅರ್ಥ. ಕನ್ನಡದ ‘ಕಟ್ಟು’ ಎಂದುಕೊಂಡ ಅನಸೂಯಾ ಗಡಬಡಿಸಿ ದಾರ ತೆಗೆದುಕೊಂಡು, ಹೊರಗೆ ಜೋತಾಡುತ್ತಿದ್ದ ವೈರುಗಳನ್ನೆಲ್ಲ ಒಟ್ಟುಗೂಡಿಸಿ ಕಟ್ಟಿದಳು. ಢಬ್ ಎಂದು ಪವರ್ ಸಪ್ಲೈ ಸುಟ್ಟಿತು.

ಎರಡೂ ಭಾಷೆ ಬಲ್ಲ ದಕ್ಷಿಣಾಮೂರ್ತಿ ತಪ್ಪು ಎಲ್ಲಾಯಿತೆಂದು ಹೇಳಿ ಮುಗಿಸಬಹುದಿತ್ತು. ಅವರು ಅದನ್ನೇ ಕಥೆ ಮಾಡಿ ಬೀದಿಗೆ ಹಂಚಿದರು. ಸಪ್ಲೈಯ ಡಬ್ಬಿ ಬಿಚ್ಚಿಯೂ ನೋಡದೆ ಅವಳನ್ನು ಕೆಲಸದಿಂದ ಬಿಡಿಸಿ, ಅದನ್ನು ಹೈದರಾಬಾದಿಗೆ ಕಳಿಸಿ ಸರಿಮಾಡಿಸಿದರು. ಬೇರೆ ಯಾವ ಅಂಗಡಿಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಶಿಪ್ಪಿಂಗ್ ಆಫೀಸಿನ ಒಡತಿ ರಾಜ್ಯಲಕ್ಷ್ಮಿಯೂ ದಾರಿಯಲ್ಲಿ ಕಂಡರೆ, “ಏಂಟಮ್ಮಾ, ಇವಾಳ ಏಂ ಕಟ್ಟಾವು?” ಎನ್ನುತ್ತಿದ್ದರು. ಇವತ್ತು ಏನು ಕಟ್ಟಿದೆ ಅಂತ. ಆಫೀಸಿಗೆ ಆಫೀಸೇ ನಗುತ್ತಿತ್ತು.

ಗಂಡ ಸಾಯಿಕಿರಣನಿಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿನ ಪಟಮಟದ ಮನೆಯ ಮುಂಗೋಣೆಯಲ್ಲಿ, ಮಗಳು ತನುಶ್ರೀಯನ್ನು ಕಾಲಿನ ಮೇಲೆ ಮಲಗಿಸಿ ತೂಗುತ್ತಲೇ ಅನಸೂಯಾ ರಿಪೇರಿಗೆ ಕೂತಳು. ಐದಾರು ವರ್ಷದಲ್ಲಿ ಹಳೇ ಪವರ್ ಸಪ್ಲೈ ಎಂದರೆ ಪಟಮಟದ ಮೇಡಂ ಎನ್ನುವಂತಾಯಿತು. ಒಳಗಿನ ಉರಿ ಮಾತ್ರ ಆರಲಿಲ್ಲ.

ಹೋದ ಶುಕ್ರವಾರ ಬಾಗಿಲಲ್ಲಿ ದಕ್ಷಿಣಾಮೂರ್ತಿ ನಿಂತಿದ್ದರು, ಕೈಯಲ್ಲಿ ಮತ್ತೆ ಸುಟ್ಟುಹೋದ ಅದೇ ಸಪ್ಲೈ.

“ನೀನೇನಮ್ಮಾ ಆ ಮೇಡಂ!” ಎಂದು ಪೆಚ್ಚಾಗಿ ನಕ್ಕರು. “ರಾಜ್ಯಲಕ್ಷ್ಮಿಯವರ ಹಳೇ ಲೆಡ್ಜರೆಲ್ಲ ಆ ಕಂಪ್ಯೂಟರಲ್ಲೇ ಇದೆ. ಹೊಸ ಸಪ್ಲೈ ಅದಕ್ಕೆ ಕೂರೋದಿಲ್ಲ. ಸೋಮವಾರದೊಳಗೆ ಆಗ್ಲಿಲ್ಲ ಅಂದ್ರೆ ಆಫೀಸಿನ ಕೆಲಸಾನೇ ನನ್ನ ಕೈ ತಪ್ಪುತ್ತೆ.”

“ಕೊಡ್ರಿ ಇಲ್ಲಿ.”

ಡಬ್ಬಿಯ ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಕೆಂಪು ಗುಂಡಿ ೨೩೦ ವೋಲ್ಟಿನ ಬದಲು ೧೧೫ರಲ್ಲಿತ್ತು. ಬೆರಳು ತಾಕಿದರೆ ಸರಿಯುವಷ್ಟು ಸಡಿಲ. ನಮ್ಮ ಕರೆಂಟಿಗೆ ಗುಂಡಿ ೧೧೫ರಲ್ಲಿದ್ದರೆ ಕೆಪಾಸಿಟರ್ ಸಿಡಿಯುತ್ತದೆ. ಅನಸೂಯಾಳ ಕೈ ನಿಂತಿತು.

“ಕರೆಂಟ್ ಕೊಡೋಕ್ಕಿಂತ ಮೊದ್ಲು ಕ್ಲೀನ್ ಮಾಡಿದ್ರೇನ್ರಿ ಸಾರ್?”

“ಮಾಡ್ದೇ ಇರ್ತೀನಾ! ಹಿಂಬದೀನ ಬ್ರಷ್ಷಲ್ಲಿ ಗಸಗಸ ಉಜ್ಜಿಯೇ ಕರೆಂಟ್ ಕೊಡೋದು. ಅವತ್ತಿಂದ ಇವತ್ತಿನವರೆಗೂ ನನ್ನ ಪದ್ಧತಿ ಅದೇ.”

ಅವಳು ಉಬ್ಬಿದ ಎರಡು ಕೆಪಾಸಿಟರ್ ಕಿತ್ತು ಹೊಸದು ಬೆಸೆದಳು, ಫ್ಯೂಸ್ ಬದಲಿಸಿದಳು, ಗುಂಡಿಯನ್ನು ೨೩೦ಕ್ಕೆ ಸರಿಸಿದಳು. ಎಚ್ಚರಿಕೆಗೆ ಬಲ್ಬಿನ ಮೂಲಕ ಕರೆಂಟ್ ಹಾಯಿಸಿ ನೋಡಿದಳು; ಫ್ಯಾನು ತಿರುಗಿತು. ಗುಂಡಿಯನ್ನು ಮಾತ್ರ ಬಿಗಿ ಮಾಡಲಿಲ್ಲ.

“ಸೋಮವಾರ ನಾನೇ ತಂದು ಹಾಕಿ ಕೊಡ್ತೀನ್ರಿ,” ಎಂದಳು. ದೊಡ್ಡ ಮನಸ್ಸು ಎಂದುಕೊಂಡು ಅವರು ಕೈಮುಗಿದು ಹೋದರು.

ಸೋಮವಾರ ವಿಶಾಖಪಟ್ಟಣದ ರೈಲಿನುದ್ದಕ್ಕೂ ಮಗಳು ಪಕ್ಕದಲ್ಲಿ, ಸಪ್ಲೈ ಮಡಿಲಲ್ಲಿ. ರಾಜ್ಯಲಕ್ಷ್ಮಿಯ ಆಫೀಸಿನಲ್ಲಿ ಹಳೇ ಕಂಪ್ಯೂಟರ್ ಬೀಪ್ ಎಂದು ಎದ್ದು ಕೂತಾಗ ದಕ್ಷಿಣಾಮೂರ್ತಿಯೂ ಸೇರಿ ಎಲ್ಲರೂ ಸುತ್ತ ನೆರೆದರು. ಯಾಕೆ ಸುಟ್ಟಿತ್ತು ಎಂದು ರಾಜ್ಯಲಕ್ಷ್ಮಿ ಕೇಳಿದರು.

ಅನಸೂಯಾ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. “ಸಾರ್, ನೀವು ಹೆಂಗೆ ಕ್ಲೀನ್ ಮಾಡ್ತೀರಿ, ಮೇಡಂಗೆ ಒಂದ್ಸಲ ತೋರಿಸ್ರಿ.”

ದಕ್ಷಿಣಾಮೂರ್ತಿ ಠೀವಿಯಿಂದ ಬ್ರಷ್ ತೆಗೆದು ಗಸಗಸ ಉಜ್ಜಿದರು. ಕೆಂಪು ಗುಂಡಿ ಟಕ್ಕೆಂದು ೧೧೫ಕ್ಕೆ ಸರಿಯಿತು.

“ಸುಟ್ಟಿದ್ದು ಹಿಂಗೆ,” ಎಂದು ಅನಸೂಯಾ ಈಗ ಸ್ವಚ್ಛ ತೆಲುಗಿನಲ್ಲಿ ಹೇಳಿದಳು. “ಆರು ವರ್ಷದ ಹಿಂದೆಯೂ ಹಿಂಗೇ ಉಜ್ಜಿದ್ದರಂತೆ. ಅವರು ಕಟ್ಟೇಯ್ ಎಂದು ಕೂಗುವ ಮೊದಲೇ ಅದು ಸುಡತೊಡಗಿತ್ತು, ನಾನು ವೈರು ಕಟ್ಟಿದ್ದಕ್ಕಲ್ಲ. ಅವರನ್ನೇ ಕೇಳಿ.”

ಯಾರೋ ಕಿಸಕ್ಕೆಂದರು. ಆಮೇಲೆ ಆಫೀಸೆಲ್ಲ ನಕ್ಕಿತು. ರಾಜ್ಯಲಕ್ಷ್ಮಿ ಮಾತ್ರ ನಗದೆ ದಕ್ಷಿಣಾಮೂರ್ತಿಯ ಕೈಯಿಂದ ಬ್ರಷ್ ತೆಗೆದಿಟ್ಟು, ಇನ್ನು ಇದನ್ನು ಮುಟ್ಟಬೇಡಿ ಎಂದರು.

ದಕ್ಷಿಣಾಮೂರ್ತಿ ಅನಸೂಯಾಳ ಬಳಿ ಬಗ್ಗಿ ಕನ್ನಡದಲ್ಲಿ ಪಿಸುಗುಟ್ಟಿದರು: “ಇಷ್ಟು ಜನರ ಮುಂದೆ ಬೇಕಿತ್ತೇನಮ್ಮಾ?”

“ನನಗೂ ಇಷ್ಟೇ ಜನ ಇದ್ರು, ಸಾರ್.”

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಗುಂಡಿಯನ್ನು ೨೩೦ಕ್ಕೆ ಸರಿಸಿ ಬಿಗಿ ಮಾಡಿ, ಮಗಳಿಗೆ ಬಿಸ್ಕತ್ತು ಕೊಟ್ಟು, ತನಗೊಂದು ಟೀ ಕೇಳಿ, ಅನಸೂಯಾ ಆರಾಮಾಗಿ ಕುರ್ಚಿ ಎಳೆದುಕೊಂಡಳು. ದಕ್ಷಿಣಾಮೂರ್ತಿ ಚೀಲ ಹೆಗಲಿಗೇರಿಸಿ ಆ ನಗುವಿನ ನಡುವೆಯೇ ಬಾಗಿಲು ದಾಟುವವರೆಗೂ ಅವಳು ಕಣ್ಣು ಕೀಳಲಿಲ್ಲ.