ರಬ್ಬರ್ ದೋಣಿಯ ಸೀಟೂ ನನ್ನ ಸೊಂಟವೂ

ನನ್ನ ಸೊಂಟ ಹಾಳಾದದ್ದು ಜಗಳೂರಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದೆ ಹೊನ್ನಾಳಿಯ ಹೊಳೆಯನ್ನು ಬೈಯುತ್ತೀರಿ. ಎಪ್ಪತ್ತರ ದಶಕದಲ್ಲಿ ನಾನು ಆ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸ್. ತಿರುಗಾಟವೆಲ್ಲ ಬಸ್ಸಿನಲ್ಲಿ. ಆ ಬಸ್ಸು ಹತ್ತುವವರಿಗೆಲ್ಲ ಒಂದು ನಿಯಮ ಬಾಯಿಪಾಠವಾಗಿತ್ತು: ಮುಂದೆ ಕೂತವರು ಪುಣ್ಯವಂತರು, ಹಿಂದಿನ ಚಕ್ರದ ಮೇಲೆ ಕೂತವರು ಪಾಪಿಗಳು. ಗೌಡರು, ಮೇಷ್ಟ್ರು, ಮಗು ಎತ್ತಿಕೊಂಡ ಬಾಣಂತಿಯರು ಮುಂದೆ. ನಾನು, ಶೇಂಗಾ ಚೀಲ, ಕುರಿಮರಿ ಹಿಂದೆ. ಒಂದು ಗುಂಡಿಗೆ ನಾನು ಮೇಲೆ ಹಾರಿ, ಟಾಪಿಗೆ ತಲೆ ಮುಟ್ಟಿಸಿ ಕೆಳಗೆ ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಕುರಿಮರಿ ಕೂತಿರುತ್ತಿತ್ತು. ಇಡೀ ಬಸ್ಸಿನಲ್ಲಿ ನೆಟ್ಟಗಿರುತ್ತಿದ್ದವನು ಕಂಡಕ್ಟರ್ ಒಬ್ಬನೇ. ಮೊಣಕಾಲು ಸಡಿಲ ಬಿಟ್ಟು ನಿಂತು, ಯಾವ ಕಂಬಿಯನ್ನೂ ಹಿಡಿಯದೆ ಟಿಕೆಟ್ ಹರಿಯುತ್ತಿದ್ದ. ಅವನನ್ನು ನೋಡಿ ಹೊಟ್ಟೆ ಉರಿದುಕೊಂಡೆನೇ ಹೊರತು ಬುದ್ಧಿ ಕಲಿಯಲಿಲ್ಲ.

ಕೊನೆಗೆ ಡಾಕ್ಟರು ನನ್ನ ಬೆನ್ನು ತಟ್ಟಿ ನೋಡಿ, ಇನ್ನೊಂದು ದೊಡ್ಡ ಪೆಟ್ಟು ಬಿದ್ದರೆ ಹಳ್ಳಿ ಕೆಲಸ ಮುಗಿಯಿತು, ಮೇಜಿನ ಮುಂದೆ ಕೂತು ಮಾತ್ರೆ ಎಣಿಸಬೇಕಾಗುತ್ತದೆ ಎಂದರು. ನನಗೆ ಮಾತ್ರೆ ಎಣಿಸುವ ಕೆಲಸಕ್ಕಿಂತ ಸಾಯುವುದೇ ವಾಸಿ ಅನ್ನಿಸಿತು. ಹೆರಿಗೆ ಕೋಣೆಯಲ್ಲಿ ಎಲ್ಲರೂ ನನ್ನ ಮಾತು ಕೇಳುತ್ತಿದ್ದರು. ಹೊರಗೆ ಯಾರೂ ಕೇಳುತ್ತಿರಲಿಲ್ಲ.

ಹೊನ್ನಾಳಿಗೆ ವರ್ಗವಾದಾಗ ಖುಷಿಪಟ್ಟೆ. ಎಂಬತ್ತರ ದಶಕದ ಆರಂಭ. ಅಲ್ಲಿ ಹೊಳೆದಂಡೆಯ ಒಂದು ಹಳ್ಳಿ ನನ್ನ ಪಾಲಿಗೆ ಬಂತು. ಬೇಸಿಗೆಯಲ್ಲಿ ನಡೆದೇ ಹೋಗಬಹುದು. ಮಳೆಗಾಲದಲ್ಲಿ ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಉಕ್ಕಿದ ಹಳ್ಳ ಸುತ್ತಿಕೊಂಡು ಊರು ನಡುಗಡ್ಡೆಯಾಗಿಬಿಡುತ್ತಿತ್ತು. ಆ ನೀರಿಗೆ ಹರಿಗೋಲಿನವರು ಇಳಿಯುತ್ತಿರಲಿಲ್ಲ, ಇಳಿಯಿರಿ ಎಂದು ಹೇಳುವ ಬಾಯಿ ನನಗೂ ಇರಲಿಲ್ಲ. ನಾನು ಹೋದ ಮೊದಲ ಮಳೆಗಾಲದಲ್ಲೇ ಅಲ್ಲೊಬ್ಬ ಹುಡುಗಿಗೆ ನೋವು ಬಂತು. ತವರೂ ಗಂಡನ ಮನೆಯೂ ಅದೇ ಊರು. ನಾನು ಈಚೆ ದಡದಲ್ಲಿ ಚೀಲ ಹಿಡಿದು ನಿಂತೇ ಇದ್ದೆ. ಮಗು ಉಳಿಯಲಿಲ್ಲ.

ನೀರು ಇಳಿದ ಮೇಲೆ ಆ ಹುಡುಗಿಯ ಅತ್ತೆ, ಒಬ್ಬ ಮುದುಕಿ, ನನ್ನನ್ನು ಹುಡುಕಿಕೊಂಡು ಬಂದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮುಂದಿನ್ ಮಳೆಗಾದ್ರೂ ಬರ್ರಿ ನರ್ಸಮ್ಮಾರೆ" ಎಂದಳು, ಅಷ್ಟೇ. ಬರುತ್ತೇನೆ ಎಂದೆ. ಹೇಗೆ ಎಂದು ಅವಳೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಸೊಸೆ ಮತ್ತೆ ಬಸುರಿ.

ಅಷ್ಟರಲ್ಲಿ ನೆರೆಗಾಲಕ್ಕೆಂದು ಮೇಲಿನ ಆಫೀಸಿನಿಂದ ನಮ್ಮ ಆಸ್ಪತ್ರೆಗೊಂದು ರಬ್ಬರ್ ದೋಣಿ ಬಂತು. ಗಾಳಿ ತುಂಬಿದರೆ ಉಬ್ಬಿಕೊಳ್ಳುವಂಥದ್ದು, ತಳಕ್ಕೆ ಹಲಗೆ, ಹಿಂದೆ ಇಂಜಿನ್. ಜೀಪು ಓಡಿಸುವ ಡ್ರೈವರನಿಗೇ ದೋಣಿಯನ್ನೂ ಕೊಟ್ಟರು. ಇಂಜಿನ್ ಎಲ್ಲಿದ್ದರೂ ಇಂಜಿನ್ನೇ ತಾನೆ ಎಂಬುದು ಆಫೀಸಿನ ಲೆಕ್ಕಾಚಾರ. ದೋಣಿಯಲ್ಲಿ ಎಲ್ಲವೂ ಇತ್ತು, ಕೂರಲು ಮಾತ್ರ ಒಂದು ಅಡ್ಡಹಲಗೆ ಬಿಟ್ಟರೆ ಬೇರೇನೂ ಇರಲಿಲ್ಲ. ನೀರಿನ ಮೇಲೆ ಗುಂಡಿ ಇರುವುದಿಲ್ಲವಲ್ಲ ಎಂದುಕೊಂಡು ನಾನು ನಗುತ್ತಲೇ ಹತ್ತಿದೆ. ದೋಣಿ ಓಟ ಹಿಡಿದು ಒಂದು ಅಲೆಯಿಂದ ಇನ್ನೊಂದಕ್ಕೆ ಹಾರಿದಾಗ ಗೊತ್ತಾಯಿತು, ಜೋರಾಗಿ ಹೋದರೆ ನೀರೂ ಕಲ್ಲೇ. ಜಗಳೂರು ಎಷ್ಟೋ ಮೇಲು, ಅಲ್ಲಿ ನಡುವೆ ಸ್ಟಾಪಾದರೂ ಬರುತ್ತಿತ್ತು.

ದೋಣಿಯ ಉಸ್ತುವಾರಿ ಹೊತ್ತಿದ್ದ ಸಾಹೇಬರು ಕೆಟ್ಟವರಲ್ಲ. ಒಂದೇ ತೊಂದರೆ, ಅವರಿಗೆ ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯ ಇರುತ್ತಿತ್ತು. ಸೀಟು ಆರಿಸುವ ಕೆಲಸವನ್ನು ಹೆಣ್ಣು ನೋಡುವ ಶಾಸ್ತ್ರದಷ್ಟು ಗಂಭೀರವಾಗಿ ಹಚ್ಚಿಕೊಂಡರು. ಹೊಳೆಯಲ್ಲಿ ಇನ್ನೂ ನೀರಿರಲಿಲ್ಲವಾದ್ದರಿಂದ ನನ್ನ ಆ ಮೊದಲ ಓಟದಂತೆ ಈ ಪರೀಕ್ಷೆಯೂ ಚನ್ನಗಿರಿ ಕಡೆಯ ಸೂಳೆಕೆರೆಯಲ್ಲಿ ನಡೆಯಿತು. ಮುಂಗಾರಿನ ಗಾಳಿ ಬೀಸಿದರೆ ಆ ಕೆರೆ ತಾನು ಸಮುದ್ರವೆಂದೇ ತಿಳಿದುಕೊಳ್ಳುತ್ತದೆ. ಪಕ್ಕದ ಕೆರೆಬಿಳಚಿಯ ಜನ ಮಂಡಕ್ಕಿ ಕಟ್ಟಿಸಿಕೊಂಡು ಏರಿಯ ಮೇಲೆ ಬಂದು ಕೂತರು. ಅವರಿಗೆ ಅಂಥ ಪುಕ್ಕಟೆ ನಾಟಕ ಆಮೇಲೆ ಸಿಕ್ಕಿರಲಾರದು.

ಮೊದಲು ಆಫೀಸಿನ ಬೆತ್ತದ ಕುರ್ಚಿಯನ್ನು ಹಗ್ಗದಲ್ಲಿ ಕಟ್ಟಿದರು. ಅದರ ಕಾಲು ಎರಡನೇ ಅಲೆಗೇ ಹೋಯಿತು. ಆಮೇಲೆ ಸ್ಪಂಜಿನ ದಿಂಬು. ಅದು ಅರ್ಧ ಕೆರೆಯನ್ನು ಕುಡಿದು ಹಸುವಿನಷ್ಟು ಭಾರವಾಯಿತು. ಮೂರನೆಯದೇ ಸಾಹೇಬರ ಸ್ವಂತ ಆಯ್ಕೆ: ಯಾವುದೋ ಮುದಿ ಬಸ್ಸಿನ ಡ್ರೈವರ್ ಸೀಟು, ಕೆಳಗೆ ದಪ್ಪ ಸ್ಪ್ರಿಂಗು. "ಒಳ್ಳೇ ಸೀಟಿಗೆ ಒಳ್ಳೇ ಜಾಗ ಬೇಕ್ರೀ" ಎಂದು ಅದನ್ನು ದೋಣಿಯ ಮೂತಿಗೇ ಕೂರಿಸಿದರು. ಬಸ್ಸಿನಲ್ಲಿ ಬೆಳೆದ ನಾವೆಲ್ಲ ತಲೆಯಾಡಿಸಿದೆವು. ಮುಂದಿನ ಸೀಟು ಪುಣ್ಯವಂತರದ್ದು ಎಂಬುದರಲ್ಲಿ ನಮಗೆ ಅನುಮಾನವೇ ಇರಲಿಲ್ಲ.

ಆದರೆ ದೋಣಿಯ ಬುದ್ಧಿ ಬಸ್ಸಿನ ಬುದ್ಧಿಗೆ ತಿರುಗಾಮುರುಗಾ. ಅದು ಮೂತಿ ಎತ್ತಿ ಮೂತಿಯನ್ನೇ ಬಡಿಯುತ್ತದೆ; ಹಿಂದೆ ಇಂಜಿನ್ ಹತ್ತಿರ ಅಷ್ಟೊಂದು ಕುಲುಕಾಟ ಇರುವುದಿಲ್ಲ. ಮೇಲಾಗಿ ಸ್ಪ್ರಿಂಗು ಪೆಟ್ಟನ್ನು ನುಂಗಿದ ಹಾಗೆ ಮಾಡಿ ತಿರುಗಿ ಉಗುಳುತ್ತದೆ. ಮೊದಲ ಅಲೆಗೆ ಸಾಹೇಬರು ಕುಗ್ಗಿದರು, ಎರಡನೆಯದಕ್ಕೆ ಎದ್ದರು, ಮೂರನೆಯದಕ್ಕೆ ಅವರಿಗೂ ಸೀಟಿಗೂ ನಡುವೆ ಕೆರೆಯ ಆಚೆ ದಡ ಕಾಣಿಸಿತು. ಕನ್ನಡಕ ನೀರಿಗೆ ಬಿತ್ತು. ಏರಿಯ ಮೇಲಿಂದ ಶಿಳ್ಳೆ ಬಂತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಸಾಹೇಬರು ದಡಕ್ಕೆ ಬಂದು, "ಸೀಟು ಪರವಾಗಿಲ್ಲ, ಅಲೆ ಸರಿ ಇಲ್ಲ" ಎಂದರು.

ಈ ಗದ್ದಲದಲ್ಲಿ ಡ್ರೈವರ್ ಹಿಂದೆ ಪಾನಾ, ಇಕ್ಕಳ ಇಡುವ ತನ್ನ ಮರದ ಪೆಟ್ಟಿಗೆಯ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತಿದ್ದ. ಅವನಿಗೆ ಏನೂ ಆಗಿರಲಿಲ್ಲ. "ಕುದ್ರೆ ಹತ್ತಿದಂಗೆ ಕೂತ್ರೆ ಪೆಟ್ಟು ಮೊಣಕಾಲಿಗೆ ಹೋಗ್ತೈತ್ರಿ ಸಾರ್, ಸೊಂಟಕ್ಕೆ ಬರಾಂಗಿಲ್ಲ" ಎಂದ. ಸಾಹೇಬರು ಮರುದಿನ ಅದನ್ನೇ ತಮ್ಮ ಯೋಚನೆಯೆಂಬಂತೆ ನಮಗೆ ವಿವರಿಸಿದರು. ನ್ಯಾಮತಿಯಲ್ಲಿ ಗಾಡಿಗಳಿಗೆ ಸೀಟು ಹೊಲಿಯುವ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದಾಯಿತು. ಉದ್ದನೆಯ ಎತ್ತರದ ಪೆಟ್ಟಿಗೆ, ಮೇಲೆ ಗಟ್ಟಿಯಾಗಿ ತುಂಬಿದ ತೆಂಗಿನ ನಾರು, ಅದರ ಮೇಲೆ ಕೆಂಪು ರೆಕ್ಸಿನ್. ಹೊಲಿದವನು ಅಭಿಮಾನದಿಂದ ಅಂಚಿಗೆ ಕುಚ್ಚನ್ನೂ ಕಟ್ಟಿದ್ದ. ಅದನ್ನು ದೋಣಿಯ ಹಿಂಭಾಗದಲ್ಲಿ ಹಲಗೆಗೆ ಬಿಗಿದರು. ಡ್ರೈವರ್ ಕೂತ, ಚೆನ್ನಾಗಿತ್ತು. ಸಾಹೇಬರು ಕೂತರು, ಹೊಸ ಕನ್ನಡಕ ಮೂಗಿನ ಮೇಲೇ ಉಳಿಯಿತು.

ನನ್ನ ಸರದಿ ಬಂತು. ಸಾಹೇಬರು ಮರ್ಯಾದಸ್ಥರು, ತಾವೇ ಟವೆಲ್ ಹಾಸಿ ಮುಖ ಆಚೆ ತಿರುಗಿಸಿಕೊಂಡರು. ನಾನು ಎರಡೂ ಕಾಲನ್ನು ಒಂದೇ ಕಡೆ ಇಳಿಬಿಟ್ಟು, ಸ್ಕೂಟರ್ ಹಿಂದೆ ಹೆಂಗಸರು ಕೂರುತ್ತಿದ್ದ ಹಾಗೆ, ಅಡ್ಡಡ್ಡ ಕೂತೆ. ಬೇರೆ ರೀತಿ ಕೂರಬಹುದೆಂದು ಅವರಿಗೆ ಹೊಳೆಯಲಿಲ್ಲ, ಡ್ರೈವರನಿಗೆ ಹೊಳೆಯಲಿಲ್ಲ, ಎಷ್ಟೋ ಹೆಂಗಸರ ಕಾಲು ಅಗಲಿಸಿ ಹೆರಿಗೆ ಮಾಡಿಸಿದ ನನಗೂ ಹೊಳೆಯಲಿಲ್ಲ. ದೋಣಿ ಹಾರಿತು. ಕೂತ ಭಂಗಿಗೆ ಸೊಂಟ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು. ಕಿರುಚಿಕೊಂಡೆ. ದಡ ಮುಟ್ಟಿದಾಗ ಇಬ್ಬರು ಹಿಡಿದು ಇಳಿಸಬೇಕಾಯಿತು.

"ಬಿಡ್ರೀ ಸಿಸ್ಟರ್, ಈ ದೋಣಿ ಹೆಂಗಸರಿಗಲ್ಲ. ಕಂಪೌಂಡರ್ ಹೋಗ್ತಾರೆ" ಎಂದರು ಸಾಹೇಬರು.

ನಮ್ಮ ಕಂಪೌಂಡರು ಒಳ್ಳೆಯ ಮನುಷ್ಯ. ರಕ್ತ ಕಂಡರೆ ಗೋಡೆ ಹಿಡಿಯುತ್ತಿದ್ದ. ಸೀಟೇ ಸರಿಯಿಲ್ಲ ಸಾರ್ ಎಂದೆ ನಾನು, ಅಳು ತಡೆದುಕೊಂಡು. ಅವರು ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಸುತ್ತ ಇದ್ದವರೂ ನಕ್ಕರು. ನನಗೆ ಬಂದ ಸಿಟ್ಟಿಗೆ ಆ ಗಾದೆ ಕಟ್ಟಿದವನು ಎದುರಿಗೆ ಸಿಕ್ಕಿದ್ದರೆ ಹೂತುಬಿಡುತ್ತಿದ್ದೆ. ಮುದುಕಿಗೆ ಕೊಟ್ಟ ಮಾತು ನೆನಪಾಗಿ ಆ ರಾತ್ರಿ ಊಟ ಸೇರಲಿಲ್ಲ.

ಮಳೆ ಹಿಡಿಯಿತು, ಹೊಳೆ ಕೆಂಪಾಯಿತು. ಸೊಸೆಯನ್ನು ದಿನ ತುಂಬುವ ಮೊದಲೇ ಆಸ್ಪತ್ರೆಗೆ ಕರೆತರುವುದೆಂದು ಅವರ ಮನೆಯಲ್ಲಿ ಒಪ್ಪಿದ್ದರು. ಆದರೆ ಅವಳಿಗೆ ನೋವು ಮುಂಚೆಯೇ ಬಂದುಬಿಟ್ಟಿತು. ಬೆಳಿಗ್ಗೆ ಆಚೆ ದಡದಿಂದ ಯಾರೋ ಕೆಂಪು ಬಟ್ಟೆ ಬೀಸುತ್ತಿದ್ದಾರೆ ಎಂಬ ಸುದ್ದಿ ಬಂತು. ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಚೀಲ ಹಿಡಿದು ಬಸ್ಸು ಹತ್ತಿದೆ. ದಾರಿಯ ಗದ್ದೆಯಲ್ಲಿ ನಾಟಿ ನಡೆದಿತ್ತು. ಸಾಲಾಗಿ ಹೆಂಗಸರು, ಸೀರೆಯನ್ನು ಕಾಲಸಂದಿಯಿಂದ ಹಿಂದಕ್ಕೆ ಎಳೆದು ಕಚ್ಚೆ ಸಿಕ್ಕಿಸಿ, ಕೆಸರಿನಲ್ಲಿ ಮೊಣಕಾಲು ಸಡಿಲ ಬಿಟ್ಟು ಬಗ್ಗಿದ್ದರು. ದಾರಿಹೋಕರು ಯಾರೂ ತಿರುಗಿ ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲೇ ಕಂಡಕ್ಟರ್ ಮೊಣಕಾಲು ಸಡಿಲ ಬಿಟ್ಟು ನಿಂತಿದ್ದ. ನಾನು ಹಣೆ ಚಚ್ಚಿಕೊಂಡೆ. ಅವನು, "ಯಾಕ್ರಮ್ಮ, ಸ್ಟಾಪ್ ಬಿಟ್ಟೋತಾ?" ಎಂದ.

ದಡದಲ್ಲಿ ಅರ್ಧ ಊರು ಸೇರಿತ್ತು. ಕಂಪೌಂಡರ್ ದೋಣಿಯ ಹತ್ತಿರ ನಿಂತು ಮನೆದೇವರನ್ನು ನೆನೆಯುತ್ತಿದ್ದ. ನಾನು ಚೀಲವನ್ನು ಅವನ ಕೈಗೆ ಕೊಟ್ಟು, ಎಲ್ಲರ ಎದುರಿಗೇ ಸೀರೆ ಎತ್ತಿ ಕಚ್ಚೆ ಹಾಕಿದೆ. ನಲವತ್ತು ದಾಟಿದ, ಸರ್ಕಾರಿ ಬಿಳಿ ಸೀರೆಯ ನರ್ಸಮ್ಮ.

"ಏನ್ರೀ ಸಿಸ್ಟರ್ ಇದು?" ಸಾಹೇಬರು ಎಲ್ಲಿ ನೋಡಬೇಕೋ ತಿಳಿಯದೆ ಮೋಡ ನೋಡಿದರು.

"ಸೀಟು ಪರೀಕ್ಷೆ ಸಾರ್" ಎಂದು ಹೇಳಿ, ಪೆಟ್ಟಿಗೆಯ ಎರಡೂ ಕಡೆ ಕಾಲು ಹಾಕಿ ಕೂತೆ. ಕಂಪೌಂಡರ್ ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟು ಕೃತಜ್ಞತೆಯ ಮುಖವನ್ನು ನಾನು ಮತ್ತೆ ಕಂಡಿಲ್ಲ.

ಡ್ರೈವರ್ ಇಂಜಿನ್ ಎಬ್ಬಿಸಿದ. ಮೊದಲ ಅಲೆ ಬರುವಾಗ ನಾನು ಕಣ್ಣು ಮುಚ್ಚಿದೆ. ದೋಣಿ ಬಡಿಯಿತು, ಮೊಣಕಾಲು ಕುಗ್ಗಿತು, ಮೊಣಕಾಲು ಎದ್ದಿತು, ಸೊಂಟ ಎಲ್ಲಿತ್ತೋ ಅಲ್ಲೇ ಇತ್ತು. ಎರಡನೇ ಅಲೆಗೂ ಅಷ್ಟೇ. ನಡುಹೊಳೆಯಲ್ಲಿ ನಾನು ಜೋರಾಗಿ ನಕ್ಕುಬಿಟ್ಟೆ. ಡ್ರೈವರ್ ಹೆದರಿ, "ಅಕ್ಕಾರೆ, ಆರಾಮಿದೀರಾ?" ಎಂದು ಕೂಗಿದ. ಅಷ್ಟು ಆರಾಮ ನನಗೆ ನೆಲದ ಮೇಲೂ ಇರಲಿಲ್ಲ.

ಆಚೆ ದಡದಲ್ಲಿ ಮುದುಕಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದಳು. ನಾನು ಇಳಿದು ಕಚ್ಚೆ ಬಿಚ್ಚಲು ಹೋದರೆ ಕೈ ಹಿಡಿದಳು. "ಹಂಗೇ ಬರ್ರವ್ವ, ಬಿಚ್ಚಾಕೆ ಹೊತ್ತಿಲ್ಲ."

ಗಂಡು ಮಗು ಹುಟ್ಟಿತು. ಬೆನ್ನಿಗೆ ಒಂದೇಟು ಕೊಟ್ಟ ಮೇಲೆ ಇಡೀ ಊರಿಗೆ ಕೇಳುವಂತೆ ಅತ್ತಿತು. ಆದರೆ ಮಾಸು ಪೂರ್ತಿ ಬೀಳಲಿಲ್ಲ, ರಕ್ತ ನಿಲ್ಲುತ್ತಿರಲಿಲ್ಲ. ತಾಯಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಗಿತ್ತು. ಮನೆಯ ಗಂಡಸರು ಅವಳನ್ನು ಎತ್ತಿ ತಂದು ದೋಣಿಯ ಮೂತಿಯಲ್ಲಿ ಮಲಗಿಸಲು ಹೋದರು. ಬಾಣಂತಿ ಅಂದರೆ ಮುಂದೆ, ಪಾಪ, ಅವರೂ ಬಸ್ಸಿನವರೇ. "ಹಿಂದೆ ತರ್ರೋ!" ಎಂದು ಗಂಟಲು ಹರಿಯುವಂತೆ ಅರಚಿದೆ. ಇಂಜಿನ್ನಿನ ಹತ್ತಿರ, ಪೆಟ್ಟಿಗೆಯ ಪಕ್ಕಕ್ಕೆ, ಯಾರಾದರೂ ನೀರಿಗೆ ಬಿದ್ದರೆ ಇರಲೆಂದು ದೋಣಿಯಲ್ಲಿಟ್ಟಿದ್ದ ಲಾರಿ ಟ್ಯೂಬಿನ ಅರ್ಧ ಗಾಳಿ ಬಿಟ್ಟು, ಮೇಲೆ ಕೌದಿ ಹಾಸಿ ಅವಳನ್ನು ಮಲಗಿಸಿದೆವು. ಮಗುವನ್ನು ನಾನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡೆ.

ಮುದುಕಿ ತಾನೂ ಬರುತ್ತೇನೆಂದಳು. ಬೇಡ ಎನ್ನುವಷ್ಟರಲ್ಲಿ ಸೀರೆ ಎತ್ತಿ ಕಚ್ಚೆ ಸಿಕ್ಕಿಸಿ, ಪೆಟ್ಟಿಗೆಯ ಮೇಲೆ ಕಾಲು ಹಾಕಿ, ಹಿಂದಿನಿಂದ ನನ್ನ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಕೂತ ರೀತಿ ನೋಡಿದರೆ ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿದ್ದಳು ಅನ್ನಬೇಕು. ಜಾಗ ಸಾಲದೆ ಡ್ರೈವರ್ ಬಗ್ಗಿ ನಿಂತೇ ದೋಣಿ ನಡೆಸಿದ, ಈ ಸಲ ನಿಧಾನಕ್ಕೆ. ದಾರಿಯುದ್ದಕ್ಕೂ ಮುದುಕಿ ಸೊಸೆಯ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಸೊಸೆ ಕ್ಷೀಣವಾಗಿ ಹೂಂ ಎನ್ನುತ್ತಿದ್ದಳು. ಆ ಹೂಂ ನಿಲ್ಲಬಾರದೆಂದು ನಾನು ನಂಬದ ದೇವರಿಗೂ ಹರಕೆ ಹೊತ್ತೆ.

ಹೂಂ ನಿಲ್ಲಲಿಲ್ಲ. ಈಚೆ ದಡದಲ್ಲಿ ಜೀಪು ಕಾದಿತ್ತು. ಡ್ರೈವರ್ ದೋಣಿಯಿಂದ ಇಳಿದು ಜೀಪು ಹತ್ತಿ ಅವಳನ್ನು ಸಾಗಿಸಿದ, ಜೊತೆಗೆ ಅಷ್ಟರಲ್ಲಿ ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರೂ ಹೋದರು. ಅವಳು ಬದುಕಿದಳು, ಮುಂದೆ ಇನ್ನೂ ಇಬ್ಬರನ್ನು ಹೆತ್ತಳು. ಎರಡೂ ಸಲ ನನ್ನನ್ನೇ ಕರೆಸಿದಳು.

ಆದರೆ ಆ ಹೊತ್ತಿನಲ್ಲಿ ಅದೆಲ್ಲ ನಮಗೆ ಗೊತ್ತಿರಲಿಲ್ಲ. ನಾವಿಬ್ಬರು ಹೆಂಗಸರು ಕೆಂಪು ರೆಕ್ಸಿನ್ನಿನ ಮೇಲೆ ಇನ್ನೂ ಹಾಗೇ ಕೂತಿದ್ದೆವು. ನನ್ನ ಎದೆಯ ಮೇಲೆ ಮಗು ನಿದ್ದೆ ಹೋಗಿತ್ತು. ಸಾಹೇಬರು ಹತ್ತಿರ ಬಂದು, "ನೋಡಿದ್ರಾ, ಕೊನೆಗೂ ಸೀಟು ಸರಿ ಹೋಯ್ತು" ಎಂದರು.

"ಸೀಟು ಮೊದ್ಲಿಂದ್ಲೂ ಸರಿಯಾಗೇ ಇತ್ತು ಸಾರ್" ಎಂದೆ.

ಹಿಂದೆ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಮ್ಮ ಬರಿಗಾಲುಗಳನ್ನು ಬೊಟ್ಟು ಮಾಡಿ ತೋರಿಸುತ್ತಿದ್ದರು. ನನ್ನ ಕೈ ತಾನಾಗಿಯೇ ಸೀರೆಯ ಅಂಚಿಗೆ ಹೋಯಿತು. ಮುದುಕಿ ಆ ಕೈಗೆ ಪಟ್ಟನೆ ಹೊಡೆದು, ಗುಂಪಿನ ಕಡೆ ತಿರುಗಿದಳು.

"ನೋಡ್ರಪ್ಪ, ಕಣ್ತುಂಬ ನೋಡ್ರಿ. ನೀವೆಲ್ಲಾರು ಭೂಮಿಗ್ ಬಂದಿದ್ದು ಇಂಥಾ ಕಾಲಿನ ಸಂದಿಂದ್ಲೇ. ಅವತ್ತು ನಿಮ್ಮವ್ವ ಒಂದ್ ಕಡೀಕೆ ಕಾಲ್ ಇಳಿಬಿಟ್ಕಂಡು ಕೂತಿದ್ರೆ ಇವತ್ತು ನಗಾಕೆ ನೀವೆಲ್ಲಿ ಇರ್ತಿದ್ರಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಮಗುವನ್ನು ಎದೆಗವಚಿಕೊಂಡು, ಕಚ್ಚೆ ಬಿಚ್ಚದೆಯೇ ಆಸ್ಪತ್ರೆಯ ಕಡೆ ಹೊರಟೆ.