ನೀರು ಬೇಡದ ಗಿಡ

ನಮ್ಮ ದೊಡ್ಡಪ್ಪ ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರು. ಅವರ ಕೈ ಇಂದಿಗೂ ನೀರಿನ ಕಡೆಗೇ ಹೋಗುತ್ತದೆ. ಮೆಟ್ಟಿಲ ಮೇಲೆ ಧೂಳು ಕಂಡರೆ ನೀರು, ತಾರಸಿ ಕಾದರೆ ನೀರು, ದೊಡ್ಡಮ್ಮ ಸಿಟ್ಟಾದರೂ ಒಂದು ಲೋಟ ನೀರು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇವರದ್ದನ್ನ ಸುಡೋಕೂ ಆಗಲ್ಲ, ಆರಿಸಿಬಿಡ್ತಾರೆ" ಎನ್ನುತ್ತಾರೆ ದೊಡ್ಡಮ್ಮ.

ದೊಡ್ಡಮ್ಮ ಹಾಸ್ಟೆಲೊಂದರ ಅಡುಗೆಮನೆ ನಡೆಸಿದವರು. ಹಾಲು ತಳ ಹಿಡಿಯುವ ಮುಂಚೆಯೇ ಪಕ್ಕದ ಕೋಣೆಯಿಂದ ಎಚ್ಚರಿಸುವಂಥ ಮೂಗು. ಕಳೆದ ಚಳಿಗಾಲದ ಜ್ವರ ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಊಟದಲ್ಲಿ ಬಿಸಿ, ತಣ್ಣಗೆ, ಗಟ್ಟಿ, ಮೆತ್ತಗೆ ಇಷ್ಟೇ ಉಳಿಯಿತು. ಅವರು ಒಲೆಯ ಮುಂದೆ ನಿಲ್ಲುವುದನ್ನೇ ಬಿಟ್ಟರು. ಗಾಢವಾದ ವಾಸನೆಗಳನ್ನು ದಿನವೂ ಮೂಸುತ್ತಿದ್ದರೆ ನಿಧಾನಕ್ಕೆ ಮರಳಬಹುದು ಎಂದರು ಡಾಕ್ಟರು. ಆ 'ಬಹುದು' ದೊಡ್ಡಪ್ಪನ ಕಿವಿಗೆ ಬೀಳಲೇ ಇಲ್ಲ.

"ಯಾವ ವಾಸನೆ ಬೇಕು ಹೇಳೇ."

"ಸೇಜ್ ಸೊಪ್ಪು. ಬೆಣ್ಣೆಯಲ್ಲಿ ಗರಿಗರಿ ಮಾಡಿ ಆಲೂಗಡ್ಡೆ ಮೇಲೆ ಹಾಕ್ತಿದ್ದೆನಲ್ಲ, ಅದು."

ಅಂಗಡಿಯಲ್ಲಿ ಸಿಕ್ಕ ಪುಡಿಯಲ್ಲಿ ಘಮವೇ ಇರಲಿಲ್ಲ. ದೊಡ್ಡಪ್ಪ ನರ್ಸರಿಯಿಂದ ಸಸಿಯನ್ನೇ ತಂದರು. ಸೇಜ್ ಪುದಿನದ ದಾಯಾದಿ, ಆದರೆ ಸ್ವಭಾವ ತದ್ವಿರುದ್ಧ. ಬೂದುಹಸಿರು ಎಲೆ, ಬೆಕ್ಕಿನಮರಿಯ ಕಿವಿಯಂತೆ ನವಿರು. ಉಜ್ಜಿದರೆ ಕರ್ಪೂರಕ್ಕೆ ಮೆಣಸು ಬೆರೆಸಿದಂಥ ಘಾಟು. ಒಣ ಗುಡ್ಡದ ಗಿಡವಾದ್ದರಿಂದ ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತಾಗ ಎಲೆ ಜೋಲುತ್ತದೆ, ಥೇಟ್ ಬಾಯಾರಿದಂತೆ. ಜೋತ ಗಿಡಕ್ಕೆ ದೊಡ್ಡಪ್ಪ ಇನ್ನಷ್ಟು ನೀರು ಹೊಯ್ದರು. ಮೊದಲ ಸಸಿ ಹೋಯಿತು. ಎರಡನೆಯದೂ ಹೋಯಿತು.

"ಬೆರಳು ಮಣ್ಣೊಳಗೆ ಇಟ್ಟು ನೋಡಿ ದೊಡ್ಡಪ್ಪ. ಒಳಗೂ ಒಣಗಿದ್ದರೆ ಮಾತ್ರ ನೀರು" ಎಂದೆ.

"ಒಣಗೋವರೆಗೂ ಸುಮ್ಮನೆ ನೋಡ್ತಾ ಕೂರೋದಾ? ನಮ್ಮ ಕೆಲಸದಲ್ಲಿ ಹಾಗೆ ಮಾಡಿದ್ರೆ ಮನೆಗೆ ಕಳಿಸ್ತಿದ್ರು ಕಣಮ್ಮ."

"ಇವರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ" ಎಂದರು ದೊಡ್ಡಮ್ಮ. "ಪಕ್ಕದಲ್ಲಿ ನೀರು ಕುಡಿಯೋ ಗಿಡ ಒಂದನ್ನ ಇಡಮ್ಮ. ಕೈ ತುರಿಸಿದಾಗೆಲ್ಲ ಅದಕ್ಕೆ ಹಾಕಲಿ."

ಹಾಗೆ ತಾರಸಿಗೆ ಪುದಿನ ಬಂತು. ಮೂರನೆಯ ಸೇಜನ್ನು ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ, ತಳದ ತೂತು ದೊಡ್ಡದಾಗಿದ್ದ ಕುಂಡದಲ್ಲಿ ನೆಟ್ಟೆವು. ಪುದಿನ ಕಾಡಿನಂತೆ ಹಬ್ಬಿತು. ಸೇಜ್ ನೆಮ್ಮದಿಯಾಗಿ ಬಿಸಿಲು ಕಾಯಿಸುತ್ತ, ತುದಿ ಚಿವುಟಿದಂತೆಲ್ಲ ಕವಲೊಡೆದು ಪೊದೆಯಾಯಿತು. ದೊಡ್ಡಪ್ಪ ಪ್ರತಿದಿನ ಬೆಳಿಗ್ಗೆ ಒಂದು ಎಲೆಯನ್ನು ಹೊಸಕಿ ಹೆಂಡತಿಯ ಮೂಗಿನ ಬಳಿ ಹಿಡಿಯುತ್ತಿದ್ದರು.

"ಏನೂ ಇಲ್ಲ ರೀ."

"ಇವತ್ತಿನ ಎಲೆ ಸರಿಯಿಲ್ಲ ಬಿಡು. ನಾಳೆ ಬೇರೆ ಕೀಳ್ತೀನಿ."

ಒಂದು ಭಾನುವಾರ ನಾನು ಹೋದಾಗ ದೊಡ್ಡಪ್ಪನೇ ಒಲೆ ಹಚ್ಚಿದ್ದರು. ಬಾಣಲೆಯಲ್ಲಿ ಬೆಣ್ಣೆ ಕರಗಿ, ಅದರಲ್ಲಿ ಎಲೆಗಳು ಚಟಪಟ ಎನ್ನುತ್ತಿದ್ದವು. ದೊಡ್ಡಮ್ಮ ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದರು. ಅಷ್ಟರಲ್ಲಿ ಮಳೆ ಹನಿಯತೊಡಗಿತು.

"ಗಿಡ ನೆನೆಯುತ್ತೆ ಬಾರಮ್ಮ" ಎಂದು ದೊಡ್ಡಪ್ಪ ಸೌಟು ಬಿಟ್ಟು ತಾರಸಿಗೆ ಓಡಿದರು. ಹಿಂದೆಯೇ ನಾನೂ ಓಡಿದೆ. ಸೇಜಿನ ಕುಂಡವನ್ನು ಇಬ್ಬರೂ ಹಿಡಿದು ಮೆಟ್ಟಿಲ ಮಾಡಿನಡಿಗೆ ತರುವಾಗ ಕೆಳಗಿನಿಂದ ದೊಡ್ಡಮ್ಮನ ದನಿ ಬಂತು.

"ರೀ, ಏನೋ ಸೀಯ್ತಿದೆ."

"ಆರಿಸೇ, ಬಂದೆ" ಎಂದವರು ಕುಂಡ ಹಿಡಿದುಕೊಂಡೇ ನಿಂತುಬಿಟ್ಟರು. ನನ್ನ ಮುಖ ನೋಡಿದರು. "ಸೀಯ್ತಿದೆ ಅಂದಳಾ?"

ಇಳಿದುಹೋದರೆ ದೊಡ್ಡಮ್ಮ ಕಪ್ಪಗಾದ ಬಾಣಲೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು.

"ಬೆಣ್ಣೆ ಹಾಳಾಗಿದೆ. ಅದರ ಹಿಂದೆ ಸೇಜೂ ಇದೆ ರೀ, ಸಣ್ಣಗೆ. ಊರ ಬೆಂಕಿಯೆಲ್ಲ ಆರಿಸಿದೋರು ಮನೆ ಒಲೆ ಮರೆತರಲ್ಲ."

ದೊಡ್ಡಪ್ಪ ಅಭ್ಯಾಸಬಲದಿಂದ ಒಂದು ಲೋಟ ನೀರು ತುಂಬಿಸಿ ಹೆಂಡತಿಗೆ ಕೊಟ್ಟರು.

"ನಾನೇನು ಹೊತ್ತಿ ಉರೀತಿದೀನಾ?" ಎಂದು ದೊಡ್ಡಮ್ಮ ಸೌಟು ಕೈಗೆತ್ತಿಕೊಂಡರು. "ಆಚೆ ಸರ್ಕೊಳ್ಳಿ. ಇನ್ನೊಂದಿಷ್ಟು ಎಲೆ ತನ್ನಿ, ನಾನೇ ಮಾಡ್ತೀನಿ."

ಎಲೆ ತರಲು ಹೋದವರು ಎಷ್ಟು ಹೊತ್ತಾದರೂ ಬಾರದಿದ್ದಾಗ ನಾನು ಮೇಲೆ ಹತ್ತಿ ನೋಡಿದೆ. ದೊಡ್ಡಪ್ಪ ಸುರಿಯುವ ಮಳೆಯಲ್ಲಿ ನಗುತ್ತ ನಿಂತು, ಪುದಿನಕ್ಕೆ ಕೊಡದಲ್ಲಿ ನೀರು ಹಾಕುತ್ತಿದ್ದರು.